ಮೂರು ತಿಂಗಳ ಮರಿಯ ತೂಕ ಏನು ಹೇಳುತ್ತದೆ?

ಏಪ್ರಿಲ್ ಕೊನೆಯ ವಾರ. ಇಂಟರ್ನಲ್ಸ್ ಮುಗಿಸಿ ನಾವು ನಾಲ್ಕು ಜನ ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ನಮ್ಮಲ್ಲೊಬ್ಬನ ಊರು ಅದು. ಅವನ ಚಿಕ್ಕಪ್ಪನ ಮನೆಯಲ್ಲಿ ಮೂವತ್ತು ಬಂಡೂರು ಕುರಿಗಳಿವೆ. ಹಾಸ್ಟೆಲ್ಲಿನಲ್ಲಿ ಲಗೇಜು ತೂಗಲು ಇಟ್ಟುಕೊಂಡಿದ್ದ, ಕೈಯಲ್ಲಿ ನೇತುಹಾಕುವ ಪುಟ್ಟ ಡಿಜಿಟಲ್ ತೂಕದ ಯಂತ್ರ ಬ್ಯಾಗಿನಲ್ಲಿತ್ತು. ಸುಮ್ಮನೆ ಕೂರಲಾರದೆ ಒಂದು ಟವೆಲ್ಲಿನಲ್ಲಿ ಮರಿಗಳನ್ನು ಜೋಲಿ ಕಟ್ಟಿ ತೂಗಲು ಶುರು ಮಾಡಿದೆವು.

ಚಿಕ್ಕಪ್ಪ ನಕ್ಕರು. "ಓದಕ್ಕೆ ಕಳ್ಸುದ್ರೆ ಕುರಿ ತೂಗಕ್ ಬಂದವ್ರಲ್ಲಪ್ಪ ಇವ್ರು!"

ಆ ಹೊತ್ತಿಗೆ ಅವರ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಈಗಿರುವ ಬೀಜದ ಟಗರಿಗೆ ವಯಸ್ಸಾಗಿದೆ, ಅದರ ಹೆಣ್ಣು ಮರಿಗಳೇ ಈಗ ಬೆದೆಗೆ ಬರುತ್ತಿವೆ. ಹಾಗಾಗಿ ಹೊಸ ಟಗರು ಬೇಕು. ಪಕ್ಕದ ಊರಿನ ನೆಂಟರಿಗೂ ಒಂದು ಬೇಕಂತೆ. ಇವರದನ್ನು ಅವರಿಗೆ ಕೊಟ್ಟು, ಅವರದನ್ನು ಇವರು ತರುವ ಮಾತಾಗಿದೆ. ಕೊಡುವುದು ಯಾವುದನ್ನು? ಎರಡು ಗಂಡು ಮರಿಗಳು ಕಣ್ಣಿಗೆ ಬಿದ್ದಿದ್ದವು. ಒಂದಕ್ಕೆ ಕಂದು ಮೂತಿ, ಇನ್ನೊಂದು ಪೂರ್ತಿ ಬಿಳಿ. ಕಂದು ಮೂತಿ 10.4 ಕೆಜಿ ತೂಗಿತು. ಬಿಳಿ ಮರಿ 9.2 ಕೆಜಿ.

"ಇನ್ನೇನ್ ನೋಡದು, ದಪ್ಪಾಗಿರೋದೇ ಬೀಜಕ್ಕೆ. ಬಿಳೀದು ಸಂತೆಗೆ," ಅಂದರು ಚಿಕ್ಕಪ್ಪ.

ನಾವೂ ಹೌದು ಅಂದುಕೊಂಡೆವು. ಆದರೆ ಅದೇ ಪ್ರಶ್ನೆ ಹಿಡಿದು ಹೊರಟಾಗ, ಜಗತ್ತಿನ ಇನ್ನೊಂದು ಮೂಲೆಯಲ್ಲಿ ಜನ ಇದೇ ವಿಷಯಕ್ಕೆ ನೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ ಅಂತ ತಿಳಿಯಿತು. ಅವರ ಪ್ರಶ್ನೆ ಇಷ್ಟೇ: ಎಳೆಯ ವಯಸ್ಸಿನ ತೂಕ ನೋಡಿ, ಈ ಗಂಡು ಮುಂದೆ ಎಂಥ ಮರಿ ಹುಟ್ಟಿಸುತ್ತದೆ ಅಂತ ಹೇಳಬಹುದೇ? ಹೇಳಬಹುದು. ಆದರೆ ತಕ್ಕಡಿ ತೋರಿಸುವ ಅಂಕಿಯನ್ನು ಹಾಗ್ಹಾಗೇ ನಂಬುವಂತಿಲ್ಲ. ಆ ಲೆಕ್ಕ ಹೇಗೆ ಅಂತ ನಮಗೆ ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇವೆ.

ಅಲ್ಲಿ ಹೋರಿ, ಇಲ್ಲಿ ಟಗರು

ಅಮೆರಿಕದಲ್ಲಿ ಮಾಂಸಕ್ಕೆಂದೇ ದನ ಸಾಕುತ್ತಾರೆ. ಅಲ್ಲಿ ಒಂದು ಹೋರಿಯನ್ನು ತಳಿಗೆ ಆರಿಸುವ ಮೊದಲು ಮೂರು ತೂಕ ಕೇಳುತ್ತಾರೆ: ಹುಟ್ಟಿದಾಗಿನದು, ತಾಯಿ ಹಾಲು ಬಿಡಿಸುವಾಗಿನದು, ಒಂದು ವರ್ಷಕ್ಕೆ ಬಂದದ್ದು. ಹಾಲು ಬಿಡಿಸುವಾಗಿನ ತೂಕವನ್ನು 205 ದಿನಕ್ಕೆ, ವರ್ಷದ ತೂಕವನ್ನು 365 ದಿನಕ್ಕೆ ಸರಿಹೊಂದಿಸಿ ಹೋಲಿಸುತ್ತಾರೆ. ಬೇರೆ ಬೇರೆ ರಾಜ್ಯ, ಬೇರೆ ಬೇರೆ ತಳಿ ಸಂಘಗಳು ತಮಗೆ ತೋಚಿದ ಹಾಗೆ ಅಳೆಯುತ್ತಿದ್ದುದನ್ನು ಒಂದು ಅಳತೆಗೋಲಿಗೆ ತರಲು 1968ರಲ್ಲಿ ಬೀಫ್ ಇಂಪ್ರೂವ್‌ಮೆಂಟ್ ಫೆಡರೇಷನ್ ಎಂಬ ಒಕ್ಕೂಟ ಹುಟ್ಟಿತು.

ನಮ್ಮ ಸೀಮೆಯ ಕತೆ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನಲ್ಲಿ ಹೋರಿ ಅಂದರೆ ಹಳ್ಳಿಕಾರ್. ಅದು ಉಳುವುದಕ್ಕೆ, ಗಾಡಿಗೆ, ಜೋಡಿ ಕಟ್ಟಿ ಜಾತ್ರೆಯಲ್ಲಿ ಮೆರೆಸುವುದಕ್ಕೆ. ಹೇಮಗಿರಿ ಜಾತ್ರೆಗೋ ಬೇಬಿ ಬೆಟ್ಟದ ಜಾತ್ರೆಗೋ ಹೋದರೆ ನೋಡಬಹುದು: ಹೋರಿಯ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ಕೊಂಬು ನೋಡ್ತಾರೆ, ನಡೆಸಿ ನೋಡ್ತಾರೆ. ತೂಗಿ ನೋಡುವವರು ಯಾರೂ ಇಲ್ಲ. ಅಲ್ಲಿ ಬೇಕಾದದ್ದು ಕಸುವು, ನಡಿಗೆ, ಲಕ್ಷಣ.

ಮಾಂಸಕ್ಕೆಂದೇ ನಮ್ಮ ನೆಲದಲ್ಲಿ ರೂಪುಗೊಂಡ ಪ್ರಾಣಿ ಕುರಿ. ಪುಸ್ತಕಗಳಲ್ಲಿ ಇದರ ಹೆಸರು ಮಂಡ್ಯ ತಳಿ. ಜನರ ಬಾಯಲ್ಲಿ ಬಂಡೂರು ಕುರಿ, ಬನ್ನೂರು ಕುರಿ. ಮಳವಳ್ಳಿ ತಾಲ್ಲೂಕಿನ ಬಂಡೂರು, ಟಿ. ನರಸೀಪುರ ತಾಲ್ಲೂಕಿನ ಬನ್ನೂರು, ಎರಡೂ ಊರಿನ ಹೆಸರು ಇದಕ್ಕೆ ಅಂಟಿಕೊಂಡಿದೆ. ಗಿಡ್ಡ ಕಾಲು, ಅಗಲ ಮೈ, ಕೊಂಬಿಲ್ಲದ ತಲೆ, ಎಲೆಯಂತೆ ಜೋತುಬಿದ್ದ ಉದ್ದ ಕಿವಿ. ಮೈ ಬಿಳಿ, ಕೆಲವಕ್ಕೆ ಮೂತಿಯಿಂದ ಕತ್ತಿನವರೆಗೆ ತಿಳಿ ಕಂದು. ಹಿಂದಿನಿಂದ ನೋಡಿದರೆ ತೊಡೆಗಳ ನಡುವಿನ ಆಕಾರ ತಲೆಕೆಳಗಾದ 'ಯು' ಅಕ್ಷರದ ಹಾಗೆ ಕಾಣುತ್ತದೆ. ಬೆಳೆದ ಟಗರು ಸುಮಾರು 35 ಕೆಜಿ. ಗಾತ್ರದಲ್ಲಿ ಬೇರೆ ಕುರಿಗಳ ಮುಂದೆ ಚಿಕ್ಕದೇ. ಆದರೆ ಮಾಂಸದೊಳಗೇ ಹರಡಿಕೊಳ್ಳುವ ಕೊಬ್ಬಿನಿಂದ ಬರುವ ರುಚಿಗೆ ಇದಕ್ಕೆ ಹೆಸರು. ಒಳ್ಳೆಯ ಬಂಡೂರು ಟಗರು ಲಕ್ಷ ರೂಪಾಯಿ ದಾಟಿ ಮಾರಾಟವಾದ ಸುದ್ದಿಯನ್ನು ಪತ್ರಿಕೆಯಲ್ಲಿ ನೀವೂ ಓದಿರಬಹುದು.

ಹಾಗಾಗಿ ದನದ ಹೋರಿಗೆ ಅಲ್ಲಿ ಮಾಡುವ ಲೆಕ್ಕ ಇಲ್ಲಿ ಬಂಡೂರು ಟಗರಿಗೆ ಹೊಂದುತ್ತದೆ. ಇದು ಬರೀ ನಮ್ಮ ಕಲ್ಪನೆಯಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2009ರಲ್ಲಿ 'ಮೆಗಾ ಶೀಪ್ ಸೀಡ್' ಯೋಜನೆ ಶುರು ಮಾಡಿದಾಗ ಆರಿಸಿಕೊಂಡ ತಳಿಗಳಲ್ಲಿ ತಮಿಳುನಾಡಿನ ಮೇಚೇರಿ, ರಾಜಸ್ಥಾನದ ಸೋನಾಡಿ, ಜಾರ್ಖಂಡ್ ಕಡೆಯ ಛೋಟಾನಾಗಪುರಿ ಜೊತೆಗೆ ನಮ್ಮ ಮಂಡ್ಯ ತಳಿಯೂ ಇತ್ತು. ಅದರ ಹೊಣೆ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ನಾಗಮಂಗಲದಲ್ಲಿ ಆ ವಿಶ್ವವಿದ್ಯಾಲಯದ ಕುರಿ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ. ಮರಿಗಳ ತೂಕ ಬರೆದಿಟ್ಟು, ಚೆನ್ನಾಗಿ ಬೆಳೆದ ಟಗರುಗಳನ್ನು ಆರಿಸಿ, ರೈತರ ಹಿಂಡುಗಳಿಗೆ ಒದಗಿಸುವುದು ಇಂಥ ಯೋಜನೆಗಳ ತಿರುಳು.

ತೂಕದೊಳಗೆ ಏನೇನಿದೆ?

ಈಗ ನಮ್ಮ 10.4 ಕೆಜಿ ಮರಿಗೆ ವಾಪಸ್ ಬರೋಣ. ಆ ಅಂಕಿಯಲ್ಲಿ ಎಷ್ಟು ಪಾಲು ಮರಿಯದು?

ಮರಿಯ ತೂಕ ಅಂದರೆ ಒಂದು ದೊಡ್ಡ ಕೂಡುವ ಲೆಕ್ಕ. ಅಪ್ಪ ಅಮ್ಮನಿಂದ ಬಂದ ವಂಶವಾಹಿಗಳ ಪಾಲು ಒಂದು. ತಾಯಿಯ ಹಾಲಿನ ಪಾಲು ಒಂದು. ಯಾವತ್ತು ಹುಟ್ಟಿತು ಅನ್ನೋದರ ಪಾಲು, ಆ ವರ್ಷದ ಮೇವಿನ ಪಾಲು, ಜಂತುಹುಳದ ಪಾಲು, ತೂಗುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿದಿತ್ತಾ ಇಲ್ವಾ ಅನ್ನೋದರ ಪಾಲೂ ಇದೆ. ಬೀಜದ ಟಗರಾಗಿ ಮುಂದಿನ ಪೀಳಿಗೆಗೆ ಅದು ದಾಟಿಸುವುದು ಮೊದಲ ಪಾಲನ್ನು ಮಾತ್ರ. ಮಿಕ್ಕಿದ್ದೆಲ್ಲ ಅದರ ಜೊತೆಗೇ ಮುಗಿದುಹೋಗುತ್ತದೆ. ತಾಯಿಯ ಕೆಚ್ಚಲಿನ ಹಾಲನ್ನು ಟಗರು ತನ್ನ ಮಕ್ಕಳಿಗೆ ಕೊಡಲಾರದು, ಅಲ್ವಾ?

ಸಿಗ್ನಲ್ಸ್ ಓದಿದವರಿಗೆ ಇದು ಹೊಸದಲ್ಲ. ನಮಗೆ ಬೇಕಾದ ಸಿಗ್ನಲ್ ಒಂದು, ಅದರ ಮೇಲೆ ಕೂತಿರುವ ಗದ್ದಲ ಹತ್ತು. ಗದ್ದಲ ತೆಗೆಯುವ ಒಂದೊಂದೇ ಹಂತ ನೋಡೋಣ.

ಮೊದಲ ಹಂತ: ವಯಸ್ಸು

ಹುಟ್ಟಿದ ದಿನ ಯಾವುದು ಅಂತ ಕೇಳಿದೆವು. ಚಿಕ್ಕಪ್ಪ ಕ್ಯಾಲೆಂಡರ್ ನೋಡಲಿಲ್ಲ, ಹಬ್ಬ ಹೇಳಿದರು. ಕಂದು ಮೂತಿ ಸಂಕ್ರಾಂತಿಯ ಮಾರನೇ ದಿನ ಹುಟ್ಟಿದ್ದು. ಬಿಳೀದು ಅದಕ್ಕಿಂತ ಇಪ್ಪತ್ತು ದಿನ ಚಿಕ್ಕದು. ನಾವು ತೂಗಿದ ದಿನ ಒಂದಕ್ಕೆ 100 ದಿನ, ಇನ್ನೊಂದಕ್ಕೆ 80 ದಿನ.

ಕುರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೆ, ಅಂದರೆ 90 ದಿನಕ್ಕೆ ಸರಿಹೊಂದಿಸುತ್ತಾರೆ. ದಾರಿ ಸುಲಭ: ಈಗಿನ ತೂಕದಲ್ಲಿ ಹುಟ್ಟು ತೂಕ ಕಳೆಯಿರಿ, ವಯಸ್ಸಿನ ದಿನಗಳಿಂದ ಭಾಗಿಸಿ, 90ರಿಂದ ಗುಣಿಸಿ, ಮತ್ತೆ ಹುಟ್ಟು ತೂಕ ಕೂಡಿಸಿ. ಹುಟ್ಟಿದ ದಿನ ಇವನ್ನು ಯಾರೂ ತೂಗಿರಲಿಲ್ಲ. ಬಂಡೂರು ಮರಿ ಹುಟ್ಟುವಾಗ ಎರಡು ಕೆಜಿ ಆಸುಪಾಸು ಇರುತ್ತದೆ, ಅದನ್ನೇ ಎರಡಕ್ಕೂ ಇಟ್ಟುಕೊಂಡೆವು.

ಕಂದು ಮೂತಿ: 10.4ರಲ್ಲಿ 2 ಕಳೆದರೆ 8.4. ನೂರು ದಿನಕ್ಕೆ ಹಂಚಿದರೆ ದಿನಕ್ಕೆ 84 ಗ್ರಾಂ. 90 ದಿನಕ್ಕೆ 7.56, ಜೊತೆಗೆ 2 ಕೂಡಿಸಿದರೆ 9.56 ಕೆಜಿ.

ಬಿಳಿ ಮರಿ: 9.2ರಲ್ಲಿ 2 ಕಳೆದರೆ 7.2. ಎಂಬತ್ತು ದಿನಕ್ಕೆ ಹಂಚಿದರೆ ದಿನಕ್ಕೆ 90 ಗ್ರಾಂ. 90 ದಿನಕ್ಕೆ 8.1, ಜೊತೆಗೆ 2 ಕೂಡಿಸಿದರೆ 10.1 ಕೆಜಿ.

ತಕ್ಕಡಿಯಲ್ಲಿ ಒಂದು ಕೆಜಿಗೂ ಹೆಚ್ಚು ಹಿಂದಿದ್ದ ಮರಿ ಲೆಕ್ಕದಲ್ಲಿ ಅರ್ಧ ಕೆಜಿ ಮುಂದೆ ಬಂತು! ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದು, "ಅದು ಇನ್ನೂ ಹಸುಳೆ ಕಣ್ರಪ್ಪ, ಅದ್ಕೇ ಚಿಕ್ಕದು ಕಂಡದೆ," ಅಂದರು. ಅವರಿಗೆ ವಿಷಯ ಗೊತ್ತಿಲ್ಲದೇ ಇರಲಿಲ್ಲ. ಕಣ್ಣಿಗೆ ಎರಡೂ ಒಟ್ಟಿಗೆ ಬಿದ್ದಾಗ ಇಪ್ಪತ್ತು ದಿನದ ಅಂತರ ಮರೆತುಹೋಗುತ್ತದೆ, ಅಷ್ಟೇ.

ಎರಡನೇ ಹಂತ: ತಾಯಿ

ಮೂರು ತಿಂಗಳ ತನಕ ಮರಿ ಮುಖ್ಯವಾಗಿ ಬದುಕುವುದು ತಾಯಿ ಹಾಲಿನ ಮೇಲೆ. ಹಾಗಾಗಿ ಆ ವಯಸ್ಸಿನ ತೂಕ ಮರಿಯ ಪರೀಕ್ಷೆಯೂ ಹೌದು, ತಾಯಿಯ ಪರೀಕ್ಷೆಯೂ ಹೌದು. ಮೊದಲ ಸಲ ಈದ ಕುರಿಗೆ ಹಾಲು ಕಡಿಮೆ. ಮೂರನೇ, ನಾಲ್ಕನೇ ಸೂಲಿನ ಕುರಿಗೆ ಹೆಚ್ಚು. ಬಂಡೂರು ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅಪರೂಪಕ್ಕೆ ಅವಳಿ ಹುಟ್ಟಿದರೆ ಹಾಲು ಎರಡು ಪಾಲಾಗುತ್ತದೆ. ಗಂಡು ಮರಿ ಹೆಣ್ಣಿಗಿಂತ ಸಹಜವಾಗಿ ತುಸು ಭಾರ. ಇವಕ್ಕೆಲ್ಲ ಸರಿಹೊಂದಿಸದೆ ಹೋಲಿಸಿದರೆ ಅನ್ಯಾಯ. ದನದ ಹೋರಿಗಳ 205 ದಿನದ ಲೆಕ್ಕದಲ್ಲೂ ಇದೇ ಕಾರಣಕ್ಕೆ, ತಾಯಿ ಹಸು ಎಳೆಯ ವಯಸ್ಸಿನದಾಗಿದ್ದರೆ ಕರುವಿಗೆ ಇಂತಿಷ್ಟು ಅಂತ ತೂಕ ಕೂಡಿಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗ್ರೇಸ್ ಮಾರ್ಕ್ಸು.

ಕಂದು ಮೂತಿಯ ತಾಯಿ ನಾಲ್ಕನೇ ಸೂಲಿನ ಕುರಿ. ಬಿಳಿ ಮರಿಯದು ಚೊಚ್ಚಲು ತಾಯಿ. ಇದನ್ನು ಕೇಳಿದ ಮೇಲೆ ನಮಗೆ ಬಿಳಿ ಮರಿಯ ಮೇಲೆ ಇನ್ನಷ್ಟು ನಂಬಿಕೆ ಬಂತು.

ಇದೇ ಕಾರಣಕ್ಕೆ ಆರು ತಿಂಗಳ ತೂಕವನ್ನೂ ತೆಗೆದುಕೊಳ್ಳುತ್ತಾರೆ. ಹಾಲು ಬಿಟ್ಟ ಮೇಲೆ ಮರಿ ತನ್ನ ಹೊಟ್ಟೆಯ ಪಾಡು ತಾನೇ ನೋಡಿಕೊಳ್ಳಬೇಕು. ಮೇವು ತಿಂದು ಅರಗಿಸಿ ಮೈಗೂಡಿಸಿಕೊಳ್ಳುವ ಅದರ ಸ್ವಂತ ಗುಣ ಆಗ ಹೊರಗೆ ಬರುತ್ತದೆ. ತಾಯಿಯ ನೆರಳು ನಿಧಾನಕ್ಕೆ ಕರಗುತ್ತದೆ. ಮೂರು ತಿಂಗಳ ತೂಕ ಬೇಗ ಸಿಗುವ ಸುಳಿವು, ಆರು ತಿಂಗಳ ತೂಕ ಅದನ್ನು ಗಟ್ಟಿ ಮಾಡುವ ಸಾಕ್ಷಿ.

ಮೂರನೇ ಹಂತ: ಓರಗೆಯವರ ಜೊತೆ ಹೋಲಿಕೆ

ಎ ಸೆಕ್ಷನ್ನಿಗೆ ಕೈ ಬಿಚ್ಚಿ ಮಾರ್ಕ್ಸ್ ಕೊಡುವ ಮೇಷ್ಟ್ರು, ಬಿ ಸೆಕ್ಷನ್ನಿಗೆ ಕೈ ಹಿಡಿಯುವ ಮೇಷ್ಟ್ರು ಸಿಕ್ಕಿದರೆ ಏನಾಗುತ್ತದೆ ಅಂತ ನಮ್ಮ ಕಾಲೇಜಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎ ಸೆಕ್ಷನ್ನಿನ 42ಕ್ಕಿಂತ ಬಿ ಸೆಕ್ಷನ್ನಿನ 38 ದೊಡ್ಡದಿರಬಹುದು. ನ್ಯಾಯವಾಗಿ ನೋಡಬೇಕಾದ್ದು, ಅವರವರ ತರಗತಿಯ ಸರಾಸರಿಗಿಂತ ಎಷ್ಟು ಮೇಲಿದ್ದಾರೆ ಅಂತ.

ಕುರಿಗಳಲ್ಲೂ ಹಾಗೇ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಸಿಡಿಎಸ್ ನಾಲೆ, ವಿಶ್ವೇಶ್ವರಯ್ಯ ನಾಲೆಯ ನೀರಿದೆ. ಗದ್ದೆ ಬದುವಿನಲ್ಲಿ ಹಸಿ ಹುಲ್ಲು ಸಿಗುತ್ತದೆ, ಭತ್ತ ಕೊಯ್ದ ಮೇಲೆ ಕೂಳೆ ಮೇಯಬಹುದು. ಅದೇ ನೀರಿನಲ್ಲಿ ಬಸವನಹುಳುವಿನಿಂದ ಹರಡುವ ಲಿವರ್ ಫ್ಲೂಕ್ ಜಂತಿನ ಕಾಟವೂ ಇದೆ. ನಾಗಮಂಗಲದ ಬಹುಪಾಲು ಮಳೆ ನಂಬಿದ ರಾಗಿ, ಹುರುಳಿ ಹೊಲ. ಬೇಸಿಗೆಯಲ್ಲಿ ಕುರಿ ಮೈಲುಗಟ್ಟಲೆ ನಡೆದು ಒಣಹುಲ್ಲು ಹುಡುಕಬೇಕು. ಕೆ.ಆರ್.ಪೇಟೆಯಲ್ಲಿ ಹೇಮಾವತಿ ನೀರು ಸಿಗುವ ಊರಿಗೂ ಸಿಗದ ಊರಿಗೂ ಅಜಗಜಾಂತರ. ಪಾಂಡವಪುರದ 11 ಕೆಜಿ ಮರಿಯನ್ನೂ ನಾಗಮಂಗಲದ 9 ಕೆಜಿ ಮರಿಯನ್ನೂ ಪಕ್ಕಪಕ್ಕ ನಿಲ್ಲಿಸಿ ಇದು ಮೇಲು, ಅದು ಕೀಳು ಅಂದರೆ, ಅಳೆದದ್ದು ನಾಲೆಯನ್ನು, ಕುರಿಯನ್ನಲ್ಲ.

ಅದಕ್ಕೆ ಮೊದಲು ಓರಗೆಯ ಗುಂಪು ಮಾಡುತ್ತಾರೆ. ಒಂದೇ ಹಿಂಡು, ಒಂದೇ ಹಂಗಾಮು, ಒಂದೇ ಮೇವು. ಆ ಗುಂಪಿನ ಸರಾಸರಿಗಿಂತ ಮರಿ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಆದರೆ ಇಲ್ಲೊಂದು ತೊಡಕು. ನಾಗಮಂಗಲದ ಹಿಂಡಿನಲ್ಲಿ ಸರಾಸರಿಗಿಂತ ಒಂದು ಕೆಜಿ ಮೇಲಿರುವ ಮರಿ, ಪಾಂಡವಪುರದ ಹಿಂಡಿನಲ್ಲಿ ಒಂದು ಕೆಜಿ ಮೇಲಿರುವ ಮರಿ, ಎರಡೂ ಸಮವಾ? ಪಾಂಡವಪುರದ ಹಿಂಡಿನಲ್ಲಿರುವ ಕುರಿಗಳೆಲ್ಲ ತಳಿಯಲ್ಲೇ ಉತ್ತಮವಾಗಿದ್ದರೆ? ಒಂದು ಹಿಂಡಿನೊಳಗೇ ನೋಡುತ್ತಿದ್ದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಬೇಕಾದರೆ ಹಿಂಡುಗಳ ನಡುವೆ ಒಂದು ಕೊಂಡಿ ಬೇಕು. ಒಂದೇ ಟಗರಿನ ಮಕ್ಕಳು ಎರಡೂ ತಾಲ್ಲೂಕಿನಲ್ಲಿ ಹುಟ್ಟಿದರೆ ಆ ಕೊಂಡಿ ಸಿಕ್ಕಿದ ಹಾಗೆ. ಅಪ್ಪ ಒಬ್ಬನೇ ಆದ್ದರಿಂದ, ಆ ಮಕ್ಕಳ ಎರಡು ಕಡೆಯ ತೂಕದ ವ್ಯತ್ಯಾಸದಿಂದ ಊರಿನ ಪಾಲು ಎಷ್ಟು ಅಂತ ಬಿಡಿಸಬಹುದು. ಆಮೇಲೆ ಉಳಿದ ಟಗರುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದು. ಯೋಜನೆಯವರು ಒಂದೊಂದು ಟಗರನ್ನು ಊರಿಂದೂರಿಗೆ ತಿರುಗಿಸಿದರೆ ಎರಡು ಲಾಭ: ಒಳ್ಳೆಯ ರಕ್ತ ಹರಡುತ್ತದೆ, ಹೋಲಿಕೆಗೆ ಸೇತುವೆಯೂ ಆಗುತ್ತದೆ. ಚಿಕ್ಕಪ್ಪ ಮತ್ತು ಅವರ ನೆಂಟರು ಟಗರು ಅದಲುಬದಲು ಮಾಡಿಕೊಳ್ಳುವುದೂ, ಅವರಿಗೆ ಗೊತ್ತಿಲ್ಲದೆಯೇ, ಇಂಥದ್ದೇ ಒಂದು ಪುಟ್ಟ ಸೇತುವೆ.

ತಳಿ ಮೌಲ್ಯ ಅಂದರೆ

ಇಷ್ಟೆಲ್ಲ ಸರಿಹೊಂದಿಸಿದ ಮೇಲೂ ಉಳಿಯುವ ವ್ಯತ್ಯಾಸ ಪೂರ್ತಿ ವಂಶವಾಹಿಯದಲ್ಲ. ಅದರಲ್ಲಿ ಮುಂದಿನ ಪೀಳಿಗೆಗೆ ದಾಟಬಲ್ಲ ಪಾಲು ಎಷ್ಟು ಅನ್ನುವುದನ್ನು ಅನುವಂಶೀಯತೆ ಅಂತಾರೆ. ಸೊನ್ನೆಯಿಂದ ಒಂದರ ನಡುವಿನ ಸಂಖ್ಯೆ ಅದು. ಲೆಕ್ಕಕ್ಕೆ 0.2 ಅಂತ ಇಟ್ಟುಕೊಳ್ಳೋಣ.

ನಮ್ಮ ಬಿಳಿ ಮರಿ 90 ದಿನದ ತೂಕದಲ್ಲಿ ತನ್ನ ಓರಗೆಯ ಸರಾಸರಿಗಿಂತ 1.2 ಕೆಜಿ ಮೇಲಿದೆ ಅಂದುಕೊಳ್ಳಿ. ಅದರ ತಳಿ ಮೌಲ್ಯದ ಅಂದಾಜು 1.2 ಗುಣಿಸು 0.2, ಅಂದರೆ 0.24 ಕೆಜಿ. ಮರಿಗೆ ಅಪ್ಪನಿಂದ ಬರುವುದು ಅರ್ಧ, ಉಳಿದರ್ಧ ಅಮ್ಮನದು. ಹಾಗಾಗಿ ಇದರ ಮಕ್ಕಳು ಸರಾಸರಿಗಿಂತ ಹೆಚ್ಚು ತೂಗುವುದು 0.12 ಕೆಜಿ. ಬರೀ 120 ಗ್ರಾಂ!

ನಿರಾಸೆ ಆಯ್ತಾ? ನಮಗೂ ಆಯಿತು. ಆದರೆ ಒಂದು ಟಗರು ವರ್ಷಕ್ಕೆ ಮೂವತ್ತು ನಲವತ್ತು ಮರಿಗಳಿಗೆ ಅಪ್ಪ. ಅದರ ಹೆಣ್ಣು ಮರಿಗಳು ಹಿಂಡಿನಲ್ಲೇ ಉಳಿದು ಮತ್ತೆ ಈಯುತ್ತವೆ. ಮುಂದಿನ ಸಲವೂ ಆರಿಸಿದ ಟಗರನ್ನೇ ತಂದರೆ ಈ 120 ಗ್ರಾಮಿನ ಮೇಲೆ ಇನ್ನಷ್ಟು ಕೂಡುತ್ತದೆ. ಮೇವು ಹಾಕಿ ಬೆಳೆಸಿದ ತೂಕ ಮೇವು ನಿಂತರೆ ಇಳಿಯುತ್ತದೆ, ತಳಿಯಲ್ಲಿ ಬಂದದ್ದು ಹಿಂಡಿನಲ್ಲೇ ನಿಲ್ಲುತ್ತದೆ. ಬ್ಯಾಂಕಿನ ಚಕ್ರಬಡ್ಡಿಯ ಹಾಗೆ ಅದು ನಿಧಾನ, ಆದರೆ ಬಿಡದೆ ಬೆಳೆಯುತ್ತದೆ.

ಈ ಅಂದಾಜು ಎಷ್ಟು ಗಟ್ಟಿ? ಸ್ವಂತ ತೂಕ ಒಂದೇ ನೋಡಿದರೆ ನಿಖರತೆ 0.2ರ ವರ್ಗಮೂಲ, ಅಂದರೆ ಸುಮಾರು 0.45. ಟಗರಿನ 20 ಮಕ್ಕಳನ್ನು ತೂಗಿ ನೋಡಿದರೆ ಅದು 0.72ಕ್ಕೆ ಏರುತ್ತದೆ. ಹಾಗಾದರೆ ಮಕ್ಕಳು ಹುಟ್ಟುವ ತನಕ ಕಾಯುವುದೇ ವಾಸಿಯಲ್ಲವೇ? ಅಲ್ಲೇ ಇರುವುದು ಎಳೆ ತೂಕದ ಬೆಲೆ. ಟಗರು ಪ್ರಾಯಕ್ಕೆ ಬಂದು, ಅದರ ಮಕ್ಕಳು ಹುಟ್ಟಿ, ಅವಕ್ಕೆ ಮೂರು ತಿಂಗಳಾಗುವಷ್ಟರಲ್ಲಿ ಎರಡು ವರ್ಷದ ಮೇಲೆ ಕಳೆದಿರುತ್ತದೆ. ಅಷ್ಟರಲ್ಲಿ ಅದರ ಜೊತೆ ಹುಟ್ಟಿದ ಮರಿಗಳು ಯಾರ್ಯಾರದೋ ಮನೆಯ ಬಾಡೂಟವಾಗಿರುತ್ತವೆ. ವರ್ಷಕ್ಕೆ ತಳಿ ಎಷ್ಟು ಸುಧಾರಿಸಿತು ಅನ್ನುವುದು ನಿಖರತೆಯ ಮೇಲಷ್ಟೇ ನಿಂತಿಲ್ಲ, ಒಂದು ಪೀಳಿಗೆಗೆ ಹಿಡಿಯುವ ವರ್ಷಗಳಿಂದ ಅದನ್ನು ಭಾಗಿಸಬೇಕು. ಹಾಗಾಗಿ ಜಾಣತನ ಅಂದರೆ, ಮೂರು ಮತ್ತು ಆರು ತಿಂಗಳ ತೂಕ ನೋಡಿ ಕೆಲವನ್ನು ಉಳಿಸಿಕೊಳ್ಳುವುದು, ಮಕ್ಕಳ ತೂಕ ಬಂದ ಹಾಗೆ ಅಂದಾಜನ್ನು ತಿದ್ದುತ್ತಾ ಹೋಗುವುದು.

ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಮಕ್ಕಳು, ಎಲ್ಲರ ತೂಕವನ್ನೂ ಎಲ್ಲ ಊರಿನ ಪಾಲನ್ನೂ ಒಟ್ಟಿಗೆ ಬಿಡಿಸುವ ದಾರಿಯೂ ಇದೆ. ಅಮೆರಿಕದ ಐಯೋವಾದಲ್ಲಿ ಜೇ ಲಷ್ ಎಂಬ ಪ್ರಾಧ್ಯಾಪಕರು 1937ರಲ್ಲಿ ಪ್ರಾಣಿ ತಳಿ ಅಭಿವೃದ್ಧಿಯ ಬಗ್ಗೆ ಬರೆದ ಪುಸ್ತಕ ಈ ವಿದ್ಯೆಗೆ ತಳಪಾಯ ಹಾಕಿತು. ಅದೇ ಐಯೋವಾದಲ್ಲಿ ಕಲಿತು ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ದುಡಿದ ಚಾರ್ಲ್ಸ್ ಹೆಂಡರ್ಸನ್ 'ಬ್ಲಪ್' ಎಂಬ ವಿಧಾನವನ್ನು ಕೊಟ್ಟರು. ಹೆದರಬೇಡಿ, ಅದು ಕೊನೆಗೆ ನಮ್ಮ ಮ್ಯಾಥ್ಸ್ ಪೇಪರಿನ ಏಕಕಾಲಿಕ ಸಮೀಕರಣಗಳೇ. ಒಂದೊಂದು ಪ್ರಾಣಿಗೆ ಒಂದೊಂದು ಅಜ್ಞಾತ, ಒಂದೊಂದು ಹಿಂಡಿಗೆ ಒಂದೊಂದು ಅಜ್ಞಾತ, ಯಾರಿಗೆ ಯಾರು ನೆಂಟರು ಅನ್ನುವ ಮ್ಯಾಟ್ರಿಕ್ಸ್ ಒಂದು. ಕಡಿಮೆ ಮಾಹಿತಿ ಇರುವ ಪ್ರಾಣಿಯ ಅಂದಾಜನ್ನು ಅದು ತಾನಾಗಿ ಸರಾಸರಿಯ ಕಡೆ ಎಳೆಯುತ್ತದೆ. ಒಂದೇ ಸಲ ತೂಗಿದ ಮರಿಯನ್ನು ತಲೆ ಮೇಲೆ ಹೊತ್ತು ಕುಣಿಯಬಾರದು ಅನ್ನುವ ಎಚ್ಚರ ಆ ಗಣಿತದೊಳಗೇ ಇದೆ.

ತೂಕವೇ ತಳಿಯಲ್ಲ

ಹಾಗಂತ ಭಾರ ಹೆಚ್ಚಿದ್ದೇ ಒಳ್ಳೆಯದು ಅಂತ ಹೊರಟರೆ ಬಂಡೂರು ಬಂಡೂರಾಗಿ ಉಳಿಯುವುದಿಲ್ಲ. ಹುಟ್ಟು ತೂಕ, ಹಾಲು ಬಿಡಿಸುವ ತೂಕ, ಬೆಳೆದ ಮೇಲಿನ ತೂಕ, ಮೂರೂ ಒಂದಕ್ಕೊಂದು ಕೈಹಿಡಿದು ನಡೆಯುತ್ತವೆ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. ಹುಟ್ಟುವಾಗಲೇ ಮರಿ ದೊಡ್ಡದಾದರೆ ಚಿಕ್ಕ ಮೈಯ ತಾಯಿಗೆ ಈಯುವುದು ಕಷ್ಟ. ದನದ ಹೋರಿ ಸಾಕುವವರು ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. ಭಾರಿ ಗಾತ್ರದ ಹೋರಿಗಳ ಹಿಂದೆ ಬಿದ್ದಾಗ ಕರು ಹಾಕಲಾರದೆ ಒದ್ದಾಡುವ ಹಸುಗಳು ಹೆಚ್ಚಾದವು. ಅದಕ್ಕೇ ಈಗ ಹುಟ್ಟುವಾಗ ಹಗುರ, ಆಮೇಲೆ ಚುರುಕಾಗಿ ಬೆಳೆದು, ಕೊನೆಗೆ ಮಿತವಾದ ಗಾತ್ರದಲ್ಲೇ ನಿಲ್ಲುವ ಹೋರಿಗೆ ಬೇಡಿಕೆ. ಬೆಳೆದ ಕುರಿ ದೊಡ್ಡದಾದಷ್ಟೂ ವರ್ಷವಿಡೀ ತಿನ್ನುವ ಮೇವೂ ಹೆಚ್ಚು. ನಾಗಮಂಗಲದ ಬೇಸಿಗೆಯಲ್ಲಿ ಅಷ್ಟು ಮೇವು ಎಲ್ಲಿಂದ ತರೋದು?

ಇನ್ನೊಂದು ವಿಷಯ. ಬೇಗ ತೂಕ ಬರಲಿ ಅಂತ ಎತ್ತರದ ಬೇರೆ ತಳಿಯ ಟಗರು ಬಿಟ್ಟರೆ ಮರಿ ಬೆಳೆದೀತು. ಆದರೆ ಆ ಅಗಲ ಮೈ, ಗಿಡ್ಡ ಕಾಲು, ಆ ರುಚಿ ಉಳಿಯುತ್ತದಾ? ಬಂಡೂರಿಗೆ ಬರುವ ಹೆಚ್ಚಿನ ಬೆಲೆ ಕೆಜಿಯ ಲೆಕ್ಕದಲ್ಲಿ ಬರುವುದಲ್ಲ. ಅದಕ್ಕೆ ಆಯ್ಕೆ ಮಾಡುವಾಗ ಮೊದಲು ತಳಿಯ ಲಕ್ಷಣ, ಆಮೇಲೆ ಆ ಲಕ್ಷಣ ಇರುವವುಗಳ ಪೈಕಿ ಬೆಳವಣಿಗೆ. ಚಿಕ್ಕಪ್ಪ ಮರಿಯ ಬೆನ್ನ ಮೇಲೆ ಅಂಗೈ ಇಟ್ಟು ಅಗಲ ನೋಡುವುದು, ಹಿಂದಿನಿಂದ ಬಗ್ಗಿ ತೊಡೆ ನೋಡುವುದು ಹಳೇ ಕಾಲದ ಕಸರತ್ತಲ್ಲ. ನಮ್ಮ ತೂಕದ ಯಂತ್ರ ನೋಡಲಾಗದ್ದನ್ನು ಆ ಕೈ ನೋಡುತ್ತದೆ.

ನಿಜವಾದ ತೂತು ಎಲ್ಲಿದೆ?

ಸಂಜೆ ಕಟ್ಟೆ ಮೇಲೆ ಕೂತು ಮಾತಾಡುವಾಗ ಒಂದು ಸಂಗತಿ ಹೊರಬಿತ್ತು. ಹೋದ ವರ್ಷ ಇದೇ ಹಿಂಡಿನಲ್ಲಿ ಒಂದು ಗಂಡು ಮರಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆದಿತ್ತಂತೆ. ಐದು ತಿಂಗಳಿಗೇ ವ್ಯಾಪಾರಿ ಬಂದು ಕೇಳಿದ. ಆಗ ಕೈಗೆ ಕಾಸು ಬೇಕಿತ್ತು, ಕೊಟ್ಟರು. ಯಾತಕ್ಕೆ ಕಾಸು ಅಂತ ನಾವು ಕೇಳಿದೆವು. ಚಿಕ್ಕಪ್ಪ ನಮ್ಮ ಗೆಳೆಯನ ಕಡೆ ನೋಡಿ, "ಇವ್ನ್ ಫೀಸಿಗೆ ಕಣಪ್ಪ, ಇನ್ಯಾತಕ್ಕೆ," ಅಂದರು.

ಯಾರೂ ಮಾತಾಡಲಿಲ್ಲ. ಅವನಂತೂ ಕೆಳಗೆ ನೋಡುತ್ತಾ ಕೂತ.

ಇದು ಒಂದು ಮನೆಯ ಕತೆಯಲ್ಲ. ಚೆನ್ನಾಗಿ ಬೆಳೆದ ಮರಿಗೇ ಮೊದಲು ಗಿರಾಕಿ. ಮದುವೆ, ಆಸ್ಪತ್ರೆ, ಫೀಸು, ಬಕ್ರೀದ್ ಸಮಯದ ಒಳ್ಳೆ ರೇಟು, ಏನೇ ಬಂದರೂ ಕೊಟ್ಟಿಗೆಯಿಂದ ಮೊದಲು ಹೊರಗೆ ಹೋಗುವುದು ಅದೇ. ಹತ್ತು ಗಂಡು ಮರಿಗಳ ಸರಾಸರಿ 9 ಕೆಜಿ ಅಂದುಕೊಳ್ಳಿ. ಮೇಲಿನ ಮೂರು ತಲಾ 10.5 ಕೆಜಿ ಇದ್ದು ಅವು ಮಾರಿ ಹೋದರೆ ಉಳಿದ ಏಳರ ಸರಾಸರಿ ಸುಮಾರು 8.4. ಬೀಜದ ಟಗರು ಇನ್ನು ಆ ಏಳರಿಂದಲೇ ಬರಬೇಕು. ನಾವು ಆರಿಸುತ್ತಲೇ ಇದ್ದೇವೆ, ಆದರೆ ತಿರುವುಮುರುವಾಗಿ: ಬೇಗ ಬೆಳೆಯುವ ರಕ್ತವನ್ನು ಮಾರಿ, ನಿಧಾನಕ್ಕೆ ಬೆಳೆಯುವ ರಕ್ತವನ್ನು ಹಿಂಡಿಗೆ ಕಟ್ಟುತ್ತಿದ್ದೇವೆ. ಯಾರೂ ಬೇಕೆಂದು ಮಾಡುವುದಲ್ಲ ಇದು. ಅದೇ ಎಳೆ ತೂಕ ವ್ಯಾಪಾರಿಗೂ ಸುಳಿವು, ತಳಿಗೂ ಸುಳಿವು. ವ್ಯಾಪಾರಿ ಮೊದಲು ಬರುತ್ತಾನೆ, ಅಷ್ಟೇ.

ಇದಕ್ಕೆ ಮದ್ದು ಕಂಪ್ಯೂಟರಿನಲ್ಲಿಲ್ಲ. ವ್ಯಾಪಾರಿ ಬರುವ ಮೊದಲೇ, ಅಂದರೆ ಮೂರು ತಿಂಗಳಿಗೇ, ತೂಗಿ ಗುರುತು ಮಾಡಿಡಬೇಕು. ಆ ಒಂದು ಮರಿಯನ್ನು ಉಳಿಸಿಕೊಂಡರೆ ಆಗುವ ನಷ್ಟವನ್ನು ಯಾರಾದರೂ ತುಂಬಿಕೊಡಬೇಕು. ಬೀಜದ ಟಗರಿಗೆ ಮಾಂಸದ ಬೆಲೆಗಿಂತ ಹೆಚ್ಚು ಕೊಟ್ಟು ಯೋಜನೆಯೋ, ಊರಿನ ಕುರಿ ಸಾಕುವವರ ಸಂಘವೋ ಕೊಂಡುಕೊಂಡರೆ ಬಡವನಿಗೂ ಒಳ್ಳೆಯ ಮರಿ ಉಳಿಸಿಕೊಳ್ಳುವ ಧೈರ್ಯ ಬರುತ್ತದೆ. ಹತ್ತಿಪ್ಪತ್ತು ಮನೆಯವರು ಸೇರಿ ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಿಕೊಂಡರೆ ಅಪ್ಪ ಮಗಳ ಕೂಡಿಕೆಯೂ ತಪ್ಪುತ್ತದೆ.

ಒಂದು ನೋಟ್‌ಬುಕ್ ಸಾಕು

ಮೂವತ್ತು ಕುರಿಯ ಹಿಂಡಿಗೆ ಬ್ಲಪ್ ಮಾಡಲು ನಮ್ಮಿಂದ ಆಗಲಿಲ್ಲ, ಆಗುವಂಥದ್ದೂ ಅಲ್ಲ. ನಾವು ಮಾಡಿದ್ದು ಇಷ್ಟು. 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಏಳು ಕಾಲಂ ಗೆರೆ ಹಾಕಿದೆವು: ಮರಿಯ ಗುರುತು, ತಾಯಿ, ಎಷ್ಟನೇ ಸೂಲು, ಅಪ್ಪ, ಹುಟ್ಟಿದ ದಿನ ಮತ್ತು ತೂಕ, ಮೂರು ತಿಂಗಳ ತೂಕ, ಆರು ತಿಂಗಳ ತೂಕ. ತೂಗುವುದು ಬೆಳಿಗ್ಗೆ, ಮೇಯಲು ಬಿಡುವ ಮುಂಚೆ, ಪ್ರತಿ ಸಲವೂ ಅದೇ ಹೊತ್ತಿಗೆ. ಕಿವಿ ಓಲೆ ಇಲ್ಲದಿದ್ದರೆ ಬಣ್ಣದ ದಾರ. ತೂಕದ ಯಂತ್ರವನ್ನು ಅಲ್ಲೇ ಬಿಟ್ಟು ಬಂದೆವು. ಲಗೇಜು ಅಂದಾಜಿನ ಮೇಲೆ ಹೊತ್ತುಕೊಂಡರಾಯಿತು.

ನಾಲ್ಕು ತಾಲ್ಲೂಕಿನಿಂದಲೂ ನಮ್ಮ ಕಾಲೇಜಿಗೆ ಬರುವವರಿದ್ದೀರಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕುರಿ ಇದ್ದರೆ ಈ ರಜೆಯಲ್ಲಿ ಒಂದು ನೋಟ್‌ಬುಕ್ ಶುರು ಮಾಡಿ. ನಾಲ್ಕಾರು ಊರಿನ ಪುಸ್ತಕ ಸೇರಿದರೆ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವ ಕೆಲಸ ನಮ್ಮದು. ಅದಕ್ಕಿಂತ ಒಳ್ಳೆಯ ಮಿನಿ ಪ್ರಾಜೆಕ್ಟ್ ಸಿಗಲಾರದು.

ಹೊರಡುವ ಹೊತ್ತಿಗೆ ಚಿಕ್ಕಪ್ಪ ಬಿಳಿ ಮರಿಯ ಕತ್ತಿಗೆ ಕೆಂಪು ದಾರ ಕಟ್ಟುತ್ತಿದ್ದರು. "ಆರ್ ತಿಂಗ್ಳು ತುಂಬೋಗಂಟ ಎರಡ್ನೂ ಮಡೀಕತ್ತೀನಿ. ಆಮ್ಯಾಕ್ ಬಂದು ನೀವೇ ತೂಗಿ," ಅಂದರು. ಆಮೇಲೆ ನಮ್ಮ ಗೆಳೆಯನ ಕಡೆ ತಿರುಗಿ, "ಫೀಸು ಯಾವಾಗ್ಲಾ ಕಟ್ಟದು?" ಅಂತ ಕೇಳಿದರು.

ಜುಲೈಗೆ, ಅಂದ ಅವನು. ಮರಿಗಳಿಗೆ ಆರು ತಿಂಗಳು ತುಂಬುವುದೂ ಹೆಚ್ಚೂಕಡಿಮೆ ಆಗಲೇ.